ಒಗೆದರೂ ಹೋಗದ ಜಿಡ್ಡು: ಸಿಸ್ಟಿಕ್ ಫೈಬ್ರೋಸಿಸ್ ಇರುವ ಒಂದು ಮಗುವಿನ ಪ್ರಕರಣ

ಅಜ್ಜಿಯ ಕೈಯಲ್ಲಿ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು. ಅಮ್ಮ ಹಳೇ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡುತ್ತಿದ್ದಳು. ಅಜ್ಜಿ ಮಾತ್ರ ಸದ್ದಿಲ್ಲದೆ ನನ್ನ ಪಕ್ಕಕ್ಕೆ ಬಂದು ಕವರ್ ಬಿಚ್ಚಿದರು. ಒಳಗೆ ಎರಡು ಲಂಗೋಟಿ. ಒಂದು ಅವತ್ತು ಬೆಳಗಿನದು, ಒಗೆಯದ್ದು. ಇನ್ನೊಂದು ಒಗೆದು ಒಣಗಿಸಿದ್ದು.

“ಮೂರ್ ಸಲ ಒಗ್ದೆ ಕಣಮ್ಮ. ಸೀಗೆಪುಡಿ ಹಾಕ್ದೆ, ಬಿಸಿನೀರಲ್ಲಿ ಅದ್ದಿಟ್ಟೆ. ಜಿಡ್ಡು ಬಿಡ್ತಾನೇ ಇಲ್ಲ. ಐದ್ ಮಕ್ಳು ಲಂಗೋಟಿ ಒಗ್ದಿದೀನಿ, ಇಂಥದ್ದು ನೋಡಿಲ್ಲ.”

ಒಗೆದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಅಂಗೈ ಅಗಲದ ಕಲೆ. ಬಿಸಿ ಬೋಂಡ ಇಟ್ಟ ಪೇಪರ್ ಹೇಗಾಗುತ್ತದೆ, ಹಾಗೆ. ಆ ಜಾಗದಲ್ಲಿ ಮಾತ್ರ ಬಟ್ಟೆ ಪಾರದರ್ಶಕವಾಗಿತ್ತು. ಒಗೆಯದ ಬಟ್ಟೆಯಲ್ಲಿದ್ದ ಮಲ ಮಾಸಲು ಹಳದಿ, ಸ್ವಲ್ಪ ಬೂದು ಬೆರೆತಂತೆ. ಮುದ್ದೆಯೂ ಅಲ್ಲ, ನೀರೂ ಅಲ್ಲ. ಅಂಚಿನಲ್ಲಿ ಕಿತ್ತಳೆ ಬಣ್ಣದ ಎಣ್ಣೆ ಬೇರೆಯಾಗಿ ನಿಂತಿತ್ತು. ಕೆಟ್ಟ ಬೆಣ್ಣೆಯ ಹಾಗೆ ನಾತ. ಒಂದು ನಿಮಿಷಕ್ಕೆ ಇಡೀ ಕೋಣೆ ತುಂಬಿಕೊಂಡಿತು. ಡಾಕ್ಟರು ತಲೆ ಎತ್ತಿ ನೋಡಿದರು.

ನಾನು ಆ ಆಸ್ಪತ್ರೆಯಲ್ಲಿ ಮಕ್ಕಳ ಊಟ-ತಿಂಡಿ ನೋಡಿಕೊಳ್ಳುವವಳು. ಡಯಟಿಷಿಯನ್ ಅಂತಾರಲ್ಲ, ಅದು. ಈ ಮಗುವನ್ನು ಅವತ್ತಿನಿಂದ ಎಂಟು ವರ್ಷ ನೋಡುತ್ತಾ ಬಂದಿದ್ದೇನೆ. ಮನೆಯವರ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಮಲದ ವಿಷಯದಲ್ಲಿ ಏನೂ ಬದಲಿಸಿಲ್ಲ.

ಅಲ್ಲಿಗೆ ಬರುವ ಮುಂಚೆ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಊರು. ಗಂಡು ಮಗು, ನಾಲ್ಕೂವರೆ ತಿಂಗಳು. ಹುಟ್ಟಿದಾಗ 2.9 ಕಿಲೋ. ನಮ್ಮಲ್ಲಿಗೆ ಬಂದ ದಿನ 4.1 ಕಿಲೋ. ಸಾಮಾನ್ಯವಾಗಿ ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕ ಎರಡರಷ್ಟಾಗಬೇಕು. ತಾಯಿ ಕಾರ್ಡಿನ ಗೆರೆಯಲ್ಲಿ ಮಗುವಿನ ಚುಕ್ಕೆಗಳು ಎರಡನೇ ತಿಂಗಳಿಂದ ಮಲಗಿಬಿಟ್ಟಿದ್ದವು.

ಅಮ್ಮನಿಗೆ ಸೋದರಮಾವನೇ ಗಂಡ. ಮೊದಲನೇ ಮಗು ಹೆಣ್ಣು, ಐದು ತಿಂಗಳಿದ್ದಾಗ ತೀರಿಕೊಂಡಿತ್ತು. “ಬೇಧಿ, ಆಮೇಲೆ ನ್ಯುಮೋನಿಯಾ” ಅಂತ ಚೀಟಿಯಲ್ಲಿತ್ತು. ಅದಕ್ಕೇ ಈ ಮಗುವಿನ ಲಂಗೋಟಿಯನ್ನು ಅಜ್ಜಿ ಅಷ್ಟು ನಿಗಾ ಇಟ್ಟು ನೋಡುತ್ತಿದ್ದದ್ದು.

ದಿನಕ್ಕೆ ಹತ್ತು ಸಲ ಹೋಗುತ್ತಿತ್ತು. ಮೊದಲ ತಿಂಗಳು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ತಪ್ಪೂ ಅಲ್ಲ. ಎದೆಹಾಲು ಕುಡಿಯುವ ಮಗು ಎಂಟು-ಹತ್ತು ಸಲ ಹೋಗುವುದುಂಟು, ನಾಲ್ಕು ದಿನಕ್ಕೊಮ್ಮೆ ಹೋಗುವುದೂ ಉಂಟು. ಎರಡೂ ಸರಿಯೇ. ಆದರೆ ಈ ಮಗು ಕುಡಿದಷ್ಟೂ ಇನ್ನೂ ಬೇಕು ಅಂತ ಅಳುತ್ತಿತ್ತು. ಬೇಧಿಯಾಗುವ ಮಗು ಸಾಮಾನ್ಯವಾಗಿ ಹಾಲು ಬಿಡುತ್ತದೆ, ಸಪ್ಪಗಾಗುತ್ತದೆ. ಇದು ಅಮ್ಮನ ಎದೆ ಬಿಡುತ್ತಲೇ ಇರಲಿಲ್ಲ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿ. ಹಸಿವು ಜಾಸ್ತಿ, ತೂಕ ಕಮ್ಮಿ, ಮಲ ರಾಶಿ. ಈ ಮೂರೂ ಒಂದೇ ಮಗುವಿನಲ್ಲಿ ಕಂಡರೆ, ತಿಂದದ್ದು ಒಳಗೆ ಸೇರುತ್ತಿಲ್ಲ ಅಂತಲೇ ಅರ್ಥ.

ಆ ಚೀಟಿಗಳನ್ನು ಓದಿದಾಗ ಬೇಸರವಾಯಿತು, ಕೋಪ ಬರಲಿಲ್ಲ. ಪ್ರತಿಯೊಬ್ಬರೂ ತಮಗೆ ಕಂಡ ಅಷ್ಟೇ ತುಂಡಿಗೆ ಔಷಧಿ ಬರೆದಿದ್ದರು. ಮೊದಲು ಸೋಂಕು ಅಂತ ಆಂಟಿಬಯೋಟಿಕ್. ಆಮೇಲೆ “ಎದೆಹಾಲು ತೆಳು” ಅನ್ನೋ ಮಾತು. ಅದು ಡಾಕ್ಟರ ಮಾತೋ ಪಕ್ಕದ ಮನೆಯವರದೋ, ಅಮ್ಮನಿಗೆ ಈಗ ನೆನಪಿಲ್ಲ. ಚುಚ್ಚಿದ್ದು ಮಾತ್ರ ನೆನಪಿದೆ. ಹಸುವಿನ ಹಾಲು ಶುರು ಮಾಡಿದರು, ನಾತ ಇನ್ನೂ ಹೆಚ್ಚಿತು. ಹಾಗಾದರೆ ಹಾಲಿನ ಅಲರ್ಜಿ ಇರಬೇಕು ಅಂತ ಎಲ್ಲ ಬಿಡಿಸಿ ಸೋಯಾ ಪುಡಿ ಕೊಟ್ಟರು. ಮೂರು ವಾರ ಸೋಯಾ. ಮೂರನೇ ವಾರದಲ್ಲಿ ಮಗುವಿನ ಪಾದ ಊದಿಕೊಂಡಿತು. ಅಂತೂ ಮಗು ತುಂಬಿಕೊಳ್ಳುತ್ತಿದೆ ಅಂತ ಮನೆಯವರಿಗೆ ಸಮಾಧಾನವಾಯಿತಂತೆ.

ಅದು ನೀರು. ರಕ್ತದಲ್ಲಿ ಪ್ರೋಟೀನ್ ಇಳಿದಾಗ ಬರುವ ಊತ. ಸಿಸ್ಟಿಕ್ ಫೈಬ್ರೋಸಿಸ್ (ಮೈಯೊಳಗಿನ ರಸಗಳು ಗೋಂದಿನಂತಾಗುವ ಹುಟ್ಟು ಕಾಯಿಲೆ) ಇರುವ ಎಳೆಮಕ್ಕಳಿಗೆ ಸೋಯಾ ಹಾಲು ಸರಿಹೋಗುವುದಿಲ್ಲ ಅನ್ನುವುದು ಹಳೆಯ ಪಾಠ. ಊತ, ರಕ್ತಹೀನತೆ ಎರಡೂ ಬರುತ್ತವೆ. ಈ ಮಗುವಿನ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು.

ಬೇಧಿ ಇದೆ, ಆದರೆ ರಕ್ತ ಉಲ್ಟಾ ಹೇಳುತ್ತಿದೆ

ಏಪ್ರಿಲ್ ತಿಂಗಳು. ಬಿಸಿಲು ಕೆಂಡ. ಮಗು ಸೋತು ಹೋಗಿತ್ತು, ಜ್ವರ ಮಾತ್ರ ಇರಲಿಲ್ಲ. ರಕ್ತದ ವರದಿ ಸಂಜೆ ಬಂತು. ಸೋಡಿಯಂ 122, ಪೊಟ್ಯಾಸಿಯಂ 2.4, ಕ್ಲೋರೈಡ್ 74, ಮೂರೂ ತೀರಾ ಕಮ್ಮಿ. ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.56.

ಈ ಕೊನೆಯ ಸಂಖ್ಯೆಯನ್ನು ಡಾಕ್ಟರು ಎರಡು ಸಲ ಓದಿದರು. ಬೇಧಿಯಲ್ಲಿ ಕ್ಷಾರ ಹೊರಗೆ ಹೋಗುತ್ತದೆ, ರಕ್ತ ಆಮ್ಲದ ಕಡೆ ವಾಲುತ್ತದೆ. ತುಂಬಾ ಬೇಧಿಯಾದ ಮಗುವಿನ ಪಿಎಚ್ 7.2, 7.25 ಹೀಗಿರಬೇಕು. ಇದು ಉಲ್ಟಾ ಏರಿತ್ತು. ಅಂದರೆ ಉಪ್ಪು ಮಲದಲ್ಲಿ ಹೋಗುತ್ತಿಲ್ಲ, ಬೇರೆ ಯಾವುದೋ ದಾರಿಯಲ್ಲಿ ಹೋಗುತ್ತಿದೆ. ಮೂತ್ರದಲ್ಲಿ ನೋಡಿದರು, ಅಲ್ಲೂ ಉಪ್ಪಿನಂಶವಾದ ಕ್ಲೋರೈಡ್ ಇಲ್ಲ. ಉಳಿದದ್ದು ಒಂದೇ ದಾರಿ, ಬೆವರು.

“ಮಗೂಗೆ ಮುತ್ತು ಕೊಟ್ರೆ ಉಪ್ಪುಪ್ಪು ಅನ್ಸುತ್ತಾ?” ಅಂತ ಡಾಕ್ಟರು ಅಮ್ಮನನ್ನು ಕೇಳಿದರು. ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೇಳಿದರು: “ಹಣೆ ಮೇಲೆ ಉಪ್ಪು ಕೂತಿರುತ್ತೆ. ಬೆಳ್ಳಗೆ. ದೃಷ್ಟಿ ತೆಗೆದ ಉಪ್ಪು ತಾಗಿರ್ಬೇಕು ಅಂದ್ಕೊಂಡೆ.”

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಡೊರೊಥಿ ಆಂಡರ್ಸನ್ ಅನ್ನುವ ವೈದ್ಯೆ. 1938ರಲ್ಲಿ, ನ್ಯೂಯಾರ್ಕಿನಲ್ಲಿ. ಜಿಡ್ಡು ಮಲ, ಉಬ್ಬಿದ ಹೊಟ್ಟೆ ಅಂದರೆ ಆಗ ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಅಂತಲೇ ಬರೆದುಬಿಡುತ್ತಿದ್ದರು. ತೀರಿಹೋದ ಅಂಥ ಮಕ್ಕಳ ಮರಣೋತ್ತರ ಪರೀಕ್ಷೆಯಲ್ಲಿ ಆಕೆ ಮೇದೋಜೀರಕ ಗ್ರಂಥಿ ನೋಡಿದರು. ಗಂಟುಗಟ್ಟಿ, ನೀರ್ಗುಳ್ಳೆಗಳಾಗಿ ಹಾಳಾಗಿತ್ತು. ಹತ್ತು ವರ್ಷ ಕಳೆದು 1948ರಲ್ಲಿ ನ್ಯೂಯಾರ್ಕಿಗೆ ಭಾರಿ ಬಿಸಿಗಾಳಿ ಬಂತು. ಬಿಸಿಲಿಗೆ ಸೋತು ಆಸ್ಪತ್ರೆ ಸೇರಿದ ಎಳೆಮಕ್ಕಳಲ್ಲಿ ಈ ಕಾಯಿಲೆಯವರೇ ಎದ್ದು ಕಂಡರು. ಆ ಎಳೆ ಹಿಡಿದು ಪಾಲ್ ಡಿ ಸಾಂಟಾನ್ಯೇಸೆ ಮಕ್ಕಳ ಬೆವರು ಪರೀಕ್ಷಿಸಿದರು. ಬೆವರಿನಲ್ಲಿ ಉಪ್ಪು ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಅಂತ 1953ರಲ್ಲಿ ಬರೆದರು. ನಮ್ಮ ಏಪ್ರಿಲ್ ಬಿಸಿಲು ಅದೇ ಕೆಲಸ ಮಾಡಿತ್ತು. ಚಳಿಗಾಲದಲ್ಲಿ ಬಂದಿದ್ದರೆ ಈ ಮಗುವಿಗೆ ಇನ್ನೊಂದು ಬೇಧಿ ಚೀಟಿ ಸಿಕ್ಕು ವಾಪಸ್ ಹೋಗುತ್ತಿತ್ತೋ ಏನೋ.

ಬೆವರು ಪರೀಕ್ಷೆ ಮಾಡಿಸಿದರು. ತೋಳಿಗೆ ಪೈಲೋಕಾರ್ಪಿನ್ ಔಷಧಿ ಹಚ್ಚಿ, ಸಣ್ಣ ಕರೆಂಟು ಕೊಟ್ಟು ಬೆವರು ಬರಿಸಿ, ಅರ್ಧ ಗಂಟೆ ಹಿಡಿದು ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಿಸ್ಟಿಕ್ ಫೈಬ್ರೋಸಿಸ್. 30ಕ್ಕಿಂತ ಕಮ್ಮಿ ಇದ್ದರೆ ಇರುವ ಸಂಭವ ತೀರಾ ಕಮ್ಮಿ. ನಡುವೆ ಇದ್ದರೆ ಅನುಮಾನ. ನಮ್ಮ ಮಗುವಿಗೆ ಬಂದದ್ದು 52.

ಅನುಮಾನದ ಸಂಖ್ಯೆ. ಅಪ್ಪ ಖುಷಿಯಾದರು, ಡಾಕ್ಟರು ಆಗಲಿಲ್ಲ. ಮೈಯಲ್ಲಿ ಊತ ಇದ್ದಾಗ ಬೆವರಿನ ಲೆಕ್ಕ ಸುಳ್ಳಾಗಿ ಇಳಿಯುತ್ತದೆ. ಊತ ಇಳಿಯಲಿ, ಮತ್ತೆ ಮಾಡೋಣ ಅಂದರು. ಹದಿನೆಂಟು ದಿನ ಬಿಟ್ಟು ಮಾಡಿದಾಗ 96.

ಅಷ್ಟರೊಳಗೆ ಮಲವನ್ನೂ ಲ್ಯಾಬಿಗೆ ಕಳಿಸಿದ್ದೆವು. ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಗುಳ್ಳೆಗಳು ತುಂಬಿದ್ದವು. ಎಲಾಸ್ಟೇಸ್ ಅನ್ನುವ ಕಿಣ್ವವನ್ನೂ ಅಳೆದರು. ಅದು ಮೇದೋಜೀರಕದಲ್ಲಿ ಹುಟ್ಟಿ ಕರಗದೆ ಮಲದಲ್ಲಿ ಹೊರಬರುತ್ತದೆ, ಹಾಗಾಗಿ ಗ್ರಂಥಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಮಲವೇ ಹೇಳುತ್ತದೆ. ಗ್ರಾಂ ಮಲಕ್ಕೆ 200 ಮೈಕ್ರೋಗ್ರಾಂಗಿಂತ ಜಾಸ್ತಿ ಇರಬೇಕು. ಇಲ್ಲಿ 15ಕ್ಕಿಂತ ಕಮ್ಮಿ. ನೀರು ನೀರಾದ ಮಲ ಕೊಟ್ಟರೆ ಈ ಪರೀಕ್ಷೆ ಸುಮ್ನೆ ಕಮ್ಮಿ ತೋರಿಸುತ್ತದೆ. ಅದಕ್ಕೇ ಸ್ವಲ್ಪ ಗಟ್ಟಿಯಾಗಿದ್ದ ಬೆಳಗಿನ ಮಲವನ್ನೇ ಆರಿಸಿ ಕಳಿಸಿದ್ದೆವು. ಆರಿಸಿಕೊಟ್ಟವರು ಅಜ್ಜಿ.

ಒಳಗೆ ಆಗುತ್ತಿದ್ದದ್ದು

ಏಳನೇ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಅನ್ನುವ ಜೀನ್ ಇದೆ. 1989ರಲ್ಲಿ ಪತ್ತೆಯಾಯಿತು. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ದಾಟಿಸುವ ಬಾಗಿಲು ಕಟ್ಟುವುದು ಇದರ ಕೆಲಸ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟದ್ದೇ ಬಂದರೆ ಬಾಗಿಲು ಮುಚ್ಚಿಹೋಗುತ್ತದೆ. ಒಳಗಿನ ರಸಗಳು ನೀರಿಲ್ಲದೆ ಗೋಂದಿನಂತಾಗುತ್ತವೆ. ಶ್ವಾಸಕೋಶದಲ್ಲಿ ಕಫ ಅಂಟುತ್ತದೆ. ಮೇದೋಜೀರಕದ ಕೊಳವೆಗಳು ಕಟ್ಟಿಕೊಂಡು, ಕೊಬ್ಬು ಅರಗಿಸುವ ಲೈಪೇಸ್ ಕರುಳಿಗೆ ಬರುವುದೇ ಇಲ್ಲ. ಈ ಕಾಯಿಲೆಯ ಸುಮಾರು 85 ಶೇಕಡಾ ಜನರಲ್ಲಿ ಹೀಗಾಗುತ್ತದೆ. ಹಾಲಿನ ಬೆಣ್ಣೆಯಂಶ ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ಅಜ್ಜಿ ಒಗೆಯುತ್ತಿದ್ದದ್ದು ಅದನ್ನೇ. ಎದೆಹಾಲಿನಲ್ಲಿ ಕೊಬ್ಬು ಅರಗಿಸುವ ಕಿಣ್ವ ತಾನಾಗೇ ಸ್ವಲ್ಪ ಇರುತ್ತದೆ. ಹಸುವಿನ ಹಾಲಿಗೆ ಹೋದಾಗ ಅದೂ ತಪ್ಪಿತು, ನಾತ ಹೆಚ್ಚಿತು. ಅಮ್ಮನ ಹಾಲು ತೆಳುವಾಗಿರಲಿಲ್ಲ. ಮಗುವನ್ನು ಅಷ್ಟು ದಿನ ಉಳಿಸಿದ್ದೇ ಅದು. ಈ ಮಾತನ್ನು ಅಮ್ಮನಿಗೆ ಮೂರು ಸಲ ಹೇಳಬೇಕಾಯಿತು.

ಸಂಬಂಧದಲ್ಲಿ ಮದುವೆಯಾದರೆ ಇಬ್ಬರೂ ಒಂದೇ ಕೆಟ್ಟ ಜೀನ್ ಹೊತ್ತಿರುವ ಸಂಭವ ಜಾಸ್ತಿ. ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು. ಇದನ್ನೂ ಹೇಳಿದೆವು, ಮೊದಲನೇ ಮಗುವಿನ ಹೆಸರು ಎತ್ತದೆ. ಎತ್ತಿದ್ದು ಅಪ್ಪನೇ.

ಕಾಲು ಕ್ಯಾಪ್ಸೂಲ್

ಚಿಕಿತ್ಸೆ ಕೇಳಲು ಸುಲಭ. ಗ್ರಂಥಿ ಕೊಡದ ಕಿಣ್ವವನ್ನು ನಾವು ಕೊಡುವುದು. ಸಿಗುವುದು 10,000 ಯೂನಿಟ್ ಲೈಪೇಸ್ ಇರುವ ಕ್ಯಾಪ್ಸೂಲ್. ಒಳಗೆ ಸಾಸಿವೆಗಿಂತ ಸಣ್ಣ ಕಾಳುಗಳು. ಪ್ರತಿ ಕಾಳಿಗೂ ಹೊಟ್ಟೆಯ ಆಮ್ಲ ತಡೆಯುವ ಒಂದು ಲೇಪ.

ಅದು ಹಂದಿಯ ಮೇದೋಜೀರಕದಿಂದ ಮಾಡಿದ್ದು. ಮೊಟ್ಟೆಯನ್ನೂ ಒಳಗೆ ತರದ ಮನೆ. ಮುಚ್ಚಿಟ್ಟು ಕೊಡಬಹುದಿತ್ತು, ನನಗೆ ಮನಸ್ಸಾಗಲಿಲ್ಲ. ದಿನಾ, ಜೀವನಪೂರ್ತಿ ಕೊಡಬೇಕಾದ್ದು. ಹತ್ತು ವರ್ಷ ಕಳೆದು ಯಾರೋ ಹೇಳಿ ಗೊತ್ತಾದರೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಹೇಳಿದೆ. ಅಪ್ಪ ನೆಲ ನೋಡಿದರು. ಸಸ್ಯದಿಂದ ಮಾಡಿದ್ದು ಇಲ್ವಾ ಅಂತ ಕೇಳಿದರು. ಅಂಗಡಿಯಲ್ಲಿ ಸಿಗುವ ಜೀರ್ಣದ ಸಿರಪ್ಪುಗಳು ಇದರ ಜಾಗ ತುಂಬುವುದಿಲ್ಲ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತಾ ಕೂತಿದ್ದು, “ಔಷಧಿ ಅಂದ್ಮೇಲೆ ಔಷಧಿ. ಕೊಡಮ್ಮ” ಅಂದರು.

ಊತ ಇಳಿದ ಮೇಲೆ ಮಗುವಿನ ನಿಜವಾದ ತೂಕ 3.8 ಕಿಲೋ. ಚಿಕಿತ್ಸೆ ಶುರುವಾದ ಮೇಲೆ ತೂಕ ಇಳಿಯಿತಲ್ಲ ಅಂತ ಮನೆಯವರು ಗಾಬರಿಯಾಗಿದ್ದರು. ಒಂದು ಸಲದ ಹಾಲಿಗೆ ಕಾಲು ಕ್ಯಾಪ್ಸೂಲ್, ಅಂದರೆ 2,500 ಯೂನಿಟ್ ಅಂತ ಡಾಕ್ಟರು ಬರೆದರು. ದಿನಕ್ಕೆ ಎಂಟು ಸಲ. ಒಟ್ಟು 20,000. ಮಿತಿ ದಾಟಿಲ್ಲ. ಮಿತಿ ಏನೆಂದರೆ, ತೂಕದ ಪ್ರತಿ ಕಿಲೋಗೆ ಒಂದು ಹೊತ್ತಿಗೆ 2,500, ಇಡೀ ದಿನಕ್ಕೆ 10,000 ಯೂನಿಟ್. ಇದು ಸುಮ್ನೆ ಇಟ್ಟ ಗೆರೆಯಲ್ಲ. ವಿಪರೀತ ಶಕ್ತಿಯ ಕಿಣ್ವ ತೆಗೆದುಕೊಂಡ ಮಕ್ಕಳ ದೊಡ್ಡ ಕರುಳು ನಾರುಗಟ್ಟಿ ಕಿರಿದಾದದ್ದು 1994ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ವರದಿಯಾಯಿತು. ಆಮೇಲೆ ಬಂದ ಮಿತಿ ಇದು. ಮಲ ಜಿಡ್ಡಾದಾಗಲೆಲ್ಲ ಕ್ಯಾಪ್ಸೂಲ್ ಏರಿಸುವವರಿಗೆ ನಾನು ಮೊದಲು ಹೇಳುವ ಕಥೆಯೂ ಇದೇ.

ಕಾಲು ಭಾಗ ಮಾಡುವುದು ಹೇಗೆ? ಬಿಳಿ ತಟ್ಟೆಯ ಮೇಲೆ ಕ್ಯಾಪ್ಸೂಲ್ ಬಿಚ್ಚಿ, ಕಾಳುಗಳನ್ನು ಗೆರೆ ಎಳೆದಂತೆ ಹರಡಿ, ಚಾಕುವಿನ ಬೆನ್ನಿನಿಂದ ನಾಲ್ಕು ಪಾಲು. ಅಪ್ಪ ಅಡಿಕೆ ವ್ಯಾಪಾರಿಯ ಹಾಗೆ ಕೂತು ಪಾಲು ಮಾಡುತ್ತಿದ್ದರು. ಬೇಯಿಸಿ ನುರಿದ ಸೇಬು ಚಮಚದ ತುದಿಯಷ್ಟು, ಅದರ ಮೇಲೆ ಕಾಳು, ಹಾಲು ಕುಡಿಸುವ ಮುಂಚೆ ಬಾಯಿಗೆ. ತಕ್ಷಣ ಎದೆಹಾಲು. ಆಮೇಲೆ ಬೆರಳಿನಿಂದ ವಸಡು ಸವರಿ, ಕಾಳು ಸಿಕ್ಕಿಕೊಂಡಿದೆಯಾ ನೋಡಬೇಕು. ಉಳಿದರೆ ಅದು ಬಾಯಿಯನ್ನೇ ಅರಗಿಸಲು ಶುರು ಮಾಡುತ್ತದೆ, ಹುಣ್ಣಾಗುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ವಾರ್ಡಿಗೆ ಹೋದಾಗ ಅಜ್ಜಿ ಲಂಗೋಟಿ ಬಿಡಿಸಿ ತೋರಿಸಿದರು. ಹಳದಿ, ಮುದ್ದೆ, ಎಣ್ಣೆಯ ಅಂಚಿಲ್ಲ. “ಈಗ ಹೇಲಿನ ವಾಸ್ನೆ ಬರ್ತಿದೆ” ಅಂದರು. ಮುಂಚೆ ಬರುತ್ತಿದ್ದದ್ದು ಮನುಷ್ಯರ ಮಲದ ವಾಸನೆಯೇ ಅಲ್ಲ ಅನ್ನುವುದು ಅವರ ವಾದ. ಸರಿಯಾದ ವಾದ. ದಿನಕ್ಕೆ ಹತ್ತು ಸಲ ಇದ್ದದ್ದು ನಾಲ್ಕಕ್ಕೆ ಬಂತು. ಎರಡನೇ ವಾರದಿಂದ ದಿನಕ್ಕೆ ಮೂವತ್ತೈದು-ನಲವತ್ತು ಗ್ರಾಂ ತೂಕ ಏರಿತು. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಯೇ ಕಳೆದುಹೋಗುತ್ತವೆ, ಹಾಗಾಗಿ ಅವೂ ಶುರುವಾದವು.

ಉಪ್ಪಿನ ವಿಷಯದಲ್ಲಿ ಜಗಳವೇ ಆಯಿತು. ಒಂದು ವರ್ಷದವರೆಗೆ ಮಗುವಿಗೆ ಉಪ್ಪು ಬೇಡ ಅಂತ ಎಲ್ಲರೂ ಹೇಳುತ್ತಾರೆ, ಬೇರೆ ಮಕ್ಕಳಿಗೆ ಅದು ಸರಿ. ಈ ಮಗುವಿಗೆ ಉಪ್ಪು ಔಷಧಿ. ಆರು ತಿಂಗಳವರೆಗೆ ದಿನಕ್ಕೆ ಕಾಲು ಟೀ ಚಮಚದ ಅರ್ಧ, ಆಮೇಲೆ ಕಾಲು ಚಮಚ, ಇಡೀ ದಿನಕ್ಕೆ ಹಂಚಿ. ಊರಿನಲ್ಲಿ ಯಾರೋ ಬೈದರು ಅಂತ ಅಮ್ಮ ನಿಲ್ಲಿಸಿದ್ದಳು. ಡಾಕ್ಟರ ಸಹಿ ಇರುವ ಚೀಟಿ ಬರೆದು ಕೊಟ್ಟ ಮೇಲೆ ಊರು ಸುಮ್ಮನಾಯಿತು.

ಹಾಲಿನ ಲೆಕ್ಕದ ಪುಸ್ತಕ

ಡಿಸ್ಚಾರ್ಜ್ ದಿನ ನಾನು ಒಂದು ಕೋಷ್ಟಕ ಕೊಟ್ಟೆ. ದಿನಾಂಕ, ಎಷ್ಟು ಸಲ, ಬಣ್ಣ, ಜಿಡ್ಡು, ವಾಸನೆ, ಹೊಟ್ಟೆ ಉಬ್ಬರ, ಹೀಗೆ ಒಂಬತ್ತು ಕಂಬ. ಬಹಳ ಹೆಮ್ಮೆಯಿಂದ ಮಾಡಿದ್ದು. ಮುಂದಿನ ಸಲ ಬಂದಾಗ ಅದು ಖಾಲಿ. ಅಜ್ಜಿ ಡೈರಿಯ ಹಾಲಿನ ಲೆಕ್ಕದ ಪುಸ್ತಕ ತೆಗೆದರು. ಅದರಲ್ಲಿ ಅವರದೇ ಲಿಪಿ ಇತ್ತು. ಚೆನ್ನಾಗಿದ್ದರೆ ಚುಕ್ಕಿ. ಜಿಡ್ಡಾದರೆ ಪುಟ್ಟ ದೀಪ. ನೀರಾದರೆ ಹಾವಿನ ಗೆರೆ. ತಿಣುಕಿ ಹೋದರೆ ಉದ್ದ ಗೀಟು. ಭಾನುವಾರದ ಸಾಲಿನಲ್ಲಿ ತೂಕ, ಅಪ್ಪನ ಕೈಬರಹ. ಅಷ್ಟೇ. ನನ್ನ ಒಂಬತ್ತು ಕಂಬ ಬಿಟ್ಟುಬಿಟ್ಟೆ. ಇವತ್ತಿಗೂ ಬೇರೆ ಮನೆಯವರಿಗೆ ಚುಕ್ಕಿ-ದೀಪ ಹೇಳಿಕೊಡುತ್ತೇನೆ.

ಆ ಪುಸ್ತಕದಲ್ಲಿ ಬಣ್ಣಕ್ಕೆ ಗುರುತೇ ಇರಲಿಲ್ಲ. ನಾನು ಕೇಳಿದಾಗ ಅಜ್ಜಿ, ಬಣ್ಣ ದಿನಾ ಬದಲಾಗುತ್ತೆ ಅಂದರು. ನಿಜ ಅಲ್ವಾ? ಫೋನು ಮಾಡುವ ತಾಯಂದಿರಲ್ಲಿ ಮುಕ್ಕಾಲು ಪಾಲು ಕೇಳುವುದು ಹಸಿರಿನ ಬಗ್ಗೆ. ಹಸಿರು ಮಲ ಅಂದರೆ ಪಿತ್ತರಸ ಬೇಗ ಇಳಿದು ಬಂದಿದೆ, ಅಷ್ಟೇ. ರಾಗಿ ತಿಂದರೆ ಕಪ್ಪಾಗುತ್ತದೆ, ಕಬ್ಬಿಣದ ಹನಿ ಕೊಟ್ಟರೂ ಕಪ್ಪು, ಬೀಟ್‌ರೂಟ್ ಕೊಟ್ಟರೆ ಮನೆಯವರ ಎದೆ ಒಡೆಯುತ್ತದೆ. ಇದಾವುದೂ ಅಲ್ಲದೆ ಡಾಂಬರಿನಂತೆ ಕಪ್ಪಾದರೆ, ರಕ್ತ ಕಂಡರೆ ತೋರಿಸಲೇಬೇಕು. ಇನ್ನೊಂದು, ಬಿಳಿ. ಸುಣ್ಣದ ಹಾಗೆ, ಬಣ್ಣವೇ ಇಲ್ಲದ ಬಿಳಿ. ಅದು ಮಾಸಲು ಹಳದಿ ಅಲ್ಲ. ಪಿತ್ತರಸವೇ ಬರುತ್ತಿಲ್ಲ ಅಂತ ಅರ್ಥ, ಯಾವ ಎಳೆಮಗುವಿನಲ್ಲಿ ಕಂಡರೂ ಅವತ್ತೇ ಆಸ್ಪತ್ರೆಗೆ.

ತೇಲುವ ವಿಷಯವೂ ಹಾಗೇ. ತೇಲಿದರೆ ಕೊಬ್ಬು ಅಂತ ಪುಸ್ತಕಗಳಲ್ಲೂ ಇತ್ತು. 1972ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷಿಸಿ ನೋಡಿದಾಗ, ತೇಲಿಸುವುದು ಕೊಬ್ಬಲ್ಲ, ಗ್ಯಾಸು ಅಂತ ಗೊತ್ತಾಯಿತು. ಚೆನ್ನಾಗಿರುವವರ ಮಲವೂ ತೇಲುತ್ತದೆ. ನಾನು ಕೇಳುವುದು ತೇಲಿತಾ ಅಂತ ಅಲ್ಲ, ನೀರಿನ ಮೇಲೆ ಎಣ್ಣೆಯ ಕಣ್ಣು ಕಂಡಿತಾ ಅಂತ.

ದೀಪಗಳ ಸಾಲು

ಏಳನೇ ತಿಂಗಳಲ್ಲಿ ಪುಸ್ತಕದಲ್ಲಿ ಮತ್ತೆ ದೀಪ ಹಚ್ಚಿಕೊಂಡವು. ಒಂದೆರಡಲ್ಲ, ಹನ್ನೊಂದು ದಿನ ಸಾಲಾಗಿ. ತೂಕ ಮೂರು ಭಾನುವಾರ ನಿಂತಲ್ಲೇ ನಿಂತಿತ್ತು. ಡಾಕ್ಟರು ಡೋಸ್ ಏರಿಸೋಣವಾ ಅಂತ ನನ್ನ ಕಡೆ ನೋಡಿದರು. ಒಂದು ದಿನ ತಡೀರಿ ಅಂದೆ. ಮನೆಯಲ್ಲಿ ಹೇಗೆ ಕೊಡುತ್ತೀರೋ ಇಲ್ಲೇ ಹಾಗೇ ಮಾಡಿ ತೋರಿಸಿ ಅಂತ ಅಮ್ಮನಿಗೆ ಹೇಳಿದೆ.

ರಾಗಿ ಸರಿ ಶುರುವಾಗಿತ್ತು. ಅಮ್ಮ ಬಟ್ಟಲಿನಲ್ಲಿ ಬಿಸಿ ಸರಿ ಹಾಕಿ, ಒಂದು ಚಮಚ ತುಪ್ಪ ಬಿಟ್ಟು, ಅದರ ಮೇಲೆ ಕಾಳು ಸುರಿದು ಚೆನ್ನಾಗಿ ಕಲಸಿದಳು. ಮಗುವಿಗೆ ಆಟ. ಒಂದು ತುತ್ತು, ಕಾಗೆ ತೋರಿಸುವುದು, ಇನ್ನೊಂದು ತುತ್ತು. ನಲವತ್ತು ನಿಮಿಷ. ಅರ್ಧ ಬಟ್ಟಲು ಉಳಿಯಿತು.

ಕಾಳಿನ ಲೇಪ ಆಮ್ಲದಲ್ಲಿ ಗಟ್ಟಿಯಾಗಿರುತ್ತದೆ. ಪಿಎಚ್ 5.5 ದಾಟಿದರೆ ಕರಗುತ್ತದೆ. ಕರುಳಿನಲ್ಲಿ ಕರಗಲಿ ಅಂತಲೇ ಹಾಗೆ ಮಾಡಿರುವುದು. ಹಾಲು ಹಾಕಿ ಬೇಯಿಸಿದ ಸರಿಯಲ್ಲಿ ಹುಳಿ ಎಲ್ಲಿಂದ ಬರಬೇಕು? ಲೇಪ ಬಟ್ಟಲಿನಲ್ಲೇ ಕರಗಿತು. ಬಿಸಿಗೆ ಕಿಣ್ವ ಅರ್ಧ ಸತ್ತಿತು. ಉಳಿದದ್ದು ಹೊಟ್ಟೆಯ ಆಮ್ಲಕ್ಕೆ ಬಲಿ. ಅರ್ಧ ಬಟ್ಟಲಿನ ಜೊತೆ ಅರ್ಧ ಡೋಸೂ ನಾಯಿಗೆ ಹೋಯಿತು. ಕ್ಯಾಪ್ಸೂಲ್ ಡಬ್ಬಿ ಎಲ್ಲಿಡ್ತೀರಿ ಅಂದರೆ, ಒಲೆಯ ಮೇಲಿನ ಗೂಡಿನಲ್ಲಿ. ಅಡುಗೆ ಮಾಡುವಾಗ ಕೈಗೆ ಸಿಗಲಿ ಅಂತ.

ಡೋಸ್ ಏರಿಸಲಿಲ್ಲ. ಮೊದಲ ತುತ್ತಿಗೆ ಸೇಬಿನ ಜೊತೆ ಕಾಳು, ಅರ್ಧ ಗಂಟೆ ದಾಟಿದರೆ ಉಳಿದ ಪಾಲು ನಡುವೆ, ಡಬ್ಬಿ ದೇವರ ಮನೆಯ ತಣ್ಣನೆ ಕಪಾಟಿಗೆ. ತುಪ್ಪ ನಿಲ್ಲಿಸಲೂ ಬಿಡಲಿಲ್ಲ. ಜಿಡ್ಡು ಕಂಡರೆ ಕೊಬ್ಬು ಬಿಡಿಸು ಅನ್ನುವುದು ಹಳೇ ಕಾಲದ ಬುದ್ಧಿ. ಈ ಮಕ್ಕಳಿಗೆ ಬೇರೆಯವರಿಗಿಂತ ಜಾಸ್ತಿ ಶಕ್ತಿ ಬೇಕು, ತುಪ್ಪ ಬೇಕೇ ಬೇಕು, ಜೊತೆಗೆ ಕಿಣ್ವ ಬೇಕು. ಎಳನೀರಿಗೆ, ಹಣ್ಣಿಗೆ, ನಿಂಬೆ ಪಾನಕಕ್ಕೆ ಕಿಣ್ವ ಬೇಡ. ಆರು ದಿನದಲ್ಲಿ ದೀಪಗಳು ಆರಿದವು.

ಮೂರನೇ ವರ್ಷದಲ್ಲಿ ಒಂದು ವಾರ ಹಾವಿನ ಗೆರೆ ಬಂತು. ಕೆಮ್ಮಿಗೆ ಆಂಟಿಬಯೋಟಿಕ್ ಕೊಟ್ಟಿದ್ದೆವು, ಅದರ ಬೇಧಿ. ನೀರು, ಆದರೆ ಜಿಡ್ಡಿಲ್ಲ. ಕಿಣ್ವ ಮುಟ್ಟಲಿಲ್ಲ. ಕೋರ್ಸ್ ಮುಗಿಯಿತು, ಬೇಧಿಯೂ ನಿಂತಿತು.

ಮದುವೆ ಊಟ

ಆರು ವರ್ಷದ ಹುಡುಗನಾದ. ಮೇ ತಿಂಗಳಲ್ಲಿ ಚಿಕ್ಕಮ್ಮನ ಮದುವೆ. ಮೂರು ದಿನ ಛತ್ರ, ಓಟ, ಬೆವರು. ಪಂಕ್ತಿಯಲ್ಲಿ ಪಕ್ಕದ ಹುಡುಗ “ಅದೇನೋ ಮಾತ್ರೆ?” ಅಂತ ಕೇಳಿದನಂತೆ. ಅಷ್ಟೇ ಸಾಕಾಯಿತು. ಎರಡು ಹೋಳಿಗೆ, ತುಪ್ಪ, ಪಾಯಸ, ಕ್ಯಾಪ್ಸೂಲ್ ಮಾತ್ರ ಜೇಬಿನಲ್ಲಿ. ಅವತ್ತು ರಾತ್ರಿ ಎಣ್ಣೆ ಎಣ್ಣೆಯಾಗಿ ಹೋದ. ಮಾರನೇ ದಿನ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಹೊಕ್ಕುಳ ಹತ್ತಿರ ಶುರುವಾದ ನೋವು ಬಲಗಡೆ ಕೆಳಗೆ ಇಳಿಯಿತು.

ಮಲಬದ್ಧತೆ ಅಂದುಕೊಂಡು ಅಜ್ಜಿ ಹರಳೆಣ್ಣೆ ತೆಗೆದರು. ಕೊಡುವ ಮುಂಚೆ ಫೋನು ಮಾಡಿದ್ದು ನಮ್ಮ ಪುಣ್ಯ. “ಪುಸ್ತಕದಲ್ಲಿ ಗೀಟು ಇದ್ಯಾ?” ಅಂತ ಕೇಳಿದೆ. ಇಲ್ಲ, ಮೊನ್ನೆವರೆಗೂ ಚುಕ್ಕಿ, ಆಮೇಲೆ ಒಂದು ದೀಪ, ಆಮೇಲೆ ಖಾಲಿ. ನನಗೆ ಅಷ್ಟೇ ಬೇಕಿತ್ತು. ಮಲಬದ್ಧತೆ ವಾರಗಟ್ಟಲೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ, ಗಟ್ಟಿ ಮಲದ ಗೀಟುಗಳು ಮೊದಲೇ ಕಾಣುತ್ತವೆ. ಇದು ಎರಡು ದಿನದಲ್ಲಿ ಧಡಕ್ಕನೆ ನಿಂತದ್ದು. ಹೊರಡಿ ಅಂದೆ.

ಬಲಗಡೆ ಕೆಳಹೊಟ್ಟೆಯಲ್ಲಿ ಮುಷ್ಟಿ ಗಾತ್ರದ ಗಡ್ಡೆ ಕೈಗೆ ಸಿಕ್ಕಿತು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ. ಅರಗದ ಕೊಬ್ಬು, ಅಂಟು ಲೋಳೆ, ನೀರಿಲ್ಲದ ಮಲ ಸೇರಿ ಅಲ್ಲಿ ಬಿರಡೆ ಹಾಕಿದಂತೆ ಕೂರುತ್ತದೆ. ಇದಕ್ಕೆ ಡಾಕ್ಟರುಗಳು ಡಿಯೋಸ್ ಅನ್ನುತ್ತಾರೆ. ಅಪೆಂಡಿಕ್ಸ್ ಊತ, ಕರುಳೊಳಗೆ ಕರುಳು ಸೇರಿಕೊಳ್ಳುವುದು, ಇವೂ ಇದೇ ಜಾಗದಲ್ಲಿ ನೋಯುವುದರಿಂದ ಸ್ಕ್ಯಾನ್ ಮಾಡಿ ಅವಲ್ಲ ಅಂತ ಖಚಿತ ಮಾಡಿಕೊಂಡರು. ಹಸಿರು ವಾಂತಿ ಇರಲಿಲ್ಲ. ಇದ್ದಿದ್ದರೆ ಶಸ್ತ್ರಚಿಕಿತ್ಸೆಯ ಡಾಕ್ಟರು ಬರಬೇಕಿತ್ತು. ರಕ್ತನಾಳಕ್ಕೆ ನೀರು, ಮೂಗಿನ ನಳಿಗೆಯಲ್ಲಿ ಕರುಳು ತೊಳೆಯುವ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ. ಹದಿನಾಲ್ಕು ಗಂಟೆಯಾದ ಮೇಲೆ ಬಿರಡೆ ಬಿಟ್ಟಿತು. ಅಜ್ಜಿ ಬೆಡ್‌ಪ್ಯಾನ್ ಹಿಡಿದು ವಾರ್ಡಿನ ಉದ್ದಕ್ಕೂ ತೋರಿಸಿಕೊಂಡು ಬಂದರು. ಹುಡುಗ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡ.

ಡಿಸ್ಚಾರ್ಜ್ ಮಾಡುವಾಗ ಉಪ್ಪು-ನಿಂಬೆ ಪಾನಕದ ಬಾಟಲಿ, ಪಂಕ್ತಿಗೆ ಕೂರುವ ಮುಂಚೆಯೇ ಕೈ ತೊಳೆಯುವ ಜಾಗದಲ್ಲಿ ಕ್ಯಾಪ್ಸೂಲ್ ನುಂಗುವ ಉಪಾಯ, ಎರಡೂ ಅವನ ಅಪ್ಪ ಕಂಡುಹಿಡಿದದ್ದು.

ಈಗ ಅವನಿಗೆ ಎಂಟು. ತೂಕದ ಗೆರೆ ಕೆಳಗಿನದೇ, ಆದರೆ ಗೆರೆ ಬಿಟ್ಟು ಇಳಿದಿಲ್ಲ. ಹೊಸ ತೊಂದರೆ ಏನೆಂದರೆ, ಪುಸ್ತಕ ನಿಂತಿದೆ. ಅವನು ಬಾಗಿಲು ಹಾಕಿಕೊಳ್ಳುತ್ತಾನೆ, ಫ್ಲಶ್ ಮಾಡಿಯೇ ಹೊರಗೆ ಬರುತ್ತಾನೆ. ಮಧ್ಯಾಹ್ನದ್ದು ಶಾಲೆಯಲ್ಲಿ, ಅದು ಯಾರ ಲೆಕ್ಕಕ್ಕೂ ಇಲ್ಲ. ಹೋದ ಸಲ ಬಂದಾಗ ಅಜ್ಜಿ ದೂರು ಹೇಳಿದರು, ಅವನು ಅಜ್ಜಿಯ ಮೇಲೆ ದೂರು ಹೇಳಿದ. ಇಬ್ಬರನ್ನೂ ಕೂರಿಸಿ ಮಾತಾಡಿದೆ. ಕೊನೆಗೆ ಒಪ್ಪಂದವಾಯಿತು. ನೋಡುವುದು ಅವನೇ. ಶಾಲೆಯಿಂದ ಬಂದು ಬ್ಯಾಗು ಇಡುವಾಗ ಒಂದು ಬೆರಳು ತೋರಿಸಿದರೆ ಚುಕ್ಕಿ, ಎರಡು ತೋರಿಸಿದರೆ ದೀಪ. ಯಾರೂ ಏನೂ ಕೇಳಬಾರದು. ಬರೆದುಕೊಳ್ಳುವುದು ಅಜ್ಜಿ.